ನಾನೂರ ಹನ್ನೆರಡು ಹೊಲ, ಒಂದು ಕೆಂಪು ಗುರಾಣಿ

ಕೆಂಪು ಮತ್ತೆ ಮಿಣುಕಿತು, ಪರದೆಯ ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಅಂಕಿಗಳ ಪಕ್ಕದಲ್ಲಿ, ಮಿಣುಕಿತು ಆರಿತು ಮಿಣುಕಿತು, ಅಡುಗೆಮನೆಯಲ್ಲಿ ಕುಕ್ಕರು ಕೂಗಿದ್ದು ಮೂರನೆಯದೋ ನಾಲ್ಕನೆಯದೋ ಲೆಕ್ಕ ತಪ್ಪಿತು, ಬೇಳೆ ಕರಗಿ ನೀರಾದರೆ ಆಗಲಿ, ಪದ್ಮಾವತಿ ಕುರ್ಚಿ ಬಿಟ್ಟು ಏಳಲಿಲ್ಲ, ಎದ್ದು ಬರುವಷ್ಟರಲ್ಲಿ ಅದು ಇನ್ನೇನು ನುಂಗಿರುತ್ತದೋ — ಗುರಾಣಿ, ಹೌದು, ಗುರಾಣಿಯ ಚಿತ್ರವೇ ಅದು, ಕೆಂಪು ಗುರಾಣಿಯ ನಡುವೆ ಒಂದು ಬಿಳಿ ಆಶ್ಚರ್ಯಸೂಚಕ ಚಿಹ್ನೆ, ಗುರಾಣಿ ಇರುವುದು ಕಾಯುವುದಕ್ಕೆ, ಇದು ಕಾಯುತ್ತೇನೆಂದು ಒಳಗೆ ಬಂದು ಈಗ ಮನೆಯ ಯಜಮಾನನ ಹಾಗೆ ಕಾಲು ಚಾಚಿ ಕೂತಿದೆ, ಪ್ರಬಂಧದ ಕಡತಗಳು ಕಾಣುತ್ತಲೇ ಇಲ್ಲ, ಮಿಕ್ಕ ಯಾವ ಕಡತದ ಮೇಲೆ ಒತ್ತಿದರೂ ಒಂದೇ ಮಾತು, ಇದಕ್ಕೆ ವೈರಸ್ ತಗುಲಿದೆ, ತೆರೆಯುವಂತಿಲ್ಲ, ಹಣ ಕಟ್ಟಿ ಶುದ್ಧ ಮಾಡಿಸಿಕೊಳ್ಳಿ — ಹತ್ತು ಗಂಟೆ ಐದು ನಿಮಿಷ, ಪ್ರಬಂಧ ಬರೆದ ಹುಚ್ಚಣ್ಣ ಬರುವುದು ಹನ್ನೆರಡಕ್ಕೆ, ಐದು ಪ್ರತಿ ಪ್ರಿಂಟ್ ತೆಗೆಯುವುದಕ್ಕೆ ಒಂದು ಗಂಟೆ, ಬೈಂಡಿಂಗಿನವನು ಎರಡು ಗಂಟೆ ಬೇಕು ಅಂದಿದ್ದಾನೆ, ಐದಕ್ಕೆ ವಿಶ್ವವಿದ್ಯಾಲಯದ ಕಚೇರಿಯ ಕಿಟಕಿ ಮುಚ್ಚುತ್ತದೆ, ಇವತ್ತೇ ಕಡೆಯ ದಿನ, ಎರಡು ಸಲ ಅವಧಿ ಮುಂದೂಡಿಸಿಕೊಂಡದ್ದಾಯಿತು, ಮೂರನೆಯ ಸಲ ಕೊಡುವುದಿಲ್ಲ, ಇವತ್ತು ಕೊಡದಿದ್ದರೆ ಆ ಮನುಷ್ಯನ ಎಂಟು ವರ್ಷ ನೀರಿಗೆ ಹೋಯಿತು, ಎಂಟು ವರ್ಷ, ಮತ್ತು ಅವನ ಎಂಟು ವರ್ಷವೂ ಈ ಪೆಟ್ಟಿಗೆಯೊಳಗೇ ಇದೆ, ಇತ್ತು, ಇದೆ.

ತಾನೇ ಕೈಯಾರೆ ಒಳಗೆ ಕರೆದದ್ದು, ನಿನ್ನೆ ಸಂಜೆ ಆರೂವರೆ, ದೇವರ ಮುಂದೆ ದೀಪ ಹಚ್ಚಿ ಬಂದು ಕೂತದ್ದು, ಏಳು ಅಧ್ಯಾಯಗಳನ್ನೂ ಒಂದೇ ಕಡತ ಮಾಡಿಬಿಟ್ಟರೆ ಬೆಳಗ್ಗೆ ಪ್ರಿಂಟಿಗೆ ಸಲೀಸು ಎಂದು, ಹಳೆಯ ಕನ್ನಡ ಅಕ್ಷರಗಳನ್ನು ಕೆಡಿಸದೆ ಪಿಡಿಎಫ್ ಮಾಡುವ ಒಂದು ಉಪಾಯ ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದಾಗ ಕಿರ್ರ್ ಎಂದು ಸದ್ದು ಮಾಡಿ ಈ ಗುರಾಣಿ ಎದ್ದು ನಿಂತಿತು, ನಿಮ್ಮ ಕಂಪ್ಯೂಟರಿನಲ್ಲಿ ಸಾವಿರದ ಇನ್ನೂರ ಎಂಬತ್ತಾರು ವೈರಸ್, ತಕ್ಷಣ ತೆಗೆಯಿರಿ, ಅಂಕಿ ಬೇರೆ ಕಣ್ಣೆದುರಿಗೇ ಏರುತ್ತಿತ್ತು, ಇನ್ನೂರ ಎಂಬತ್ತೇಳು, ಎಂಬತ್ತೆಂಟು, ಬೇರೆ ದಿನವಾಗಿದ್ದರೆ ಮುಚ್ಚುತ್ತಿದ್ದಳು, ಸರಸ್ವತಿಪುರದ ಈ ಮನೆಯ ಮುಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಪರರ ಪ್ರಬಂಧಗಳನ್ನು ಟೈಪ್ ಮಾಡಿದವಳು, ಎಷ್ಟು ಹುಡುಗ ಹುಡುಗಿಯರು ಇದೇ ಮುರುಕು ಸ್ಟೂಲಿನ ಮೇಲೆ ಕೂತು ಡಾಕ್ಟರಾಗಿ ಹೋದರು, ಆದರೆ ನಾಳೆ ಕೊನೆಯ ದಿನ ಅನ್ನುವಾಗ ಮನಸ್ಸು ಬೇರೆಯಾಗುತ್ತದೆ, ಮಗುವಿಗೆ ಮೈ ಬಿಸಿ ಎಂದರೆ ತಾಯಿ ಯಾರು ಕೊಟ್ಟ ಔಷಧಿಯನ್ನಾದರೂ ಕುಡಿಸಿಬಿಡುವ ಹಾಗೆ, ಎಲ್ಲವನ್ನೂ ತೆಗೆ ಎಂಬ ಹಸಿರು ಗುಂಡಿಯನ್ನು ಒತ್ತಿದಳು, ಎಲ್ಲವನ್ನೂ — ಆ ಮಾತಿನ ಅರ್ಥವಾದರೂ ಏನು, ಎಲ್ಲವನ್ನೂ — ಏಳನೆಯ ಅಧ್ಯಾಯ ತೆರೆದೇ ಇತ್ತು ಆಗ, ಪರದೆ ಒಮ್ಮೆ ಕಪ್ಪಾಗಿ ಬಂತು, ಬಂದಾಗ ಅಧ್ಯಾಯ ಇರಲಿಲ್ಲ, ಮೂಲೆಯಲ್ಲಿ ಇದು ಇತ್ತು, ಮಿಣುಕಿತು, ಆರಿತು.

ಗುರಾಣಿಯ ಕೆಳಗೆ ಒಂದು ಫೋನ್ ನಂಬರೂ ಇದೆ, ನಮ್ಮ ತಜ್ಞರೊಂದಿಗೆ ಮಾತಾಡಿ, ಬೆಳಗ್ಗೆ ಎಂಟಕ್ಕೆ ಗಂಡ ವಿಜಯ್‌ಕುಮಾರ್ ಡಿಪೋಗೆ ಹೊರಟ ಮೇಲೆ ಅದಕ್ಕೂ ಮಾಡಿದಳು, ಅವರಿಗೆ ಹೇಳಿರಲಿಲ್ಲ, ಹೇಳಿದರೆ ಅದೇನು ದೊಡ್ಡದು ಆಫ್ ಮಾಡಿ ಆನ್ ಮಾಡೇ ಅನ್ನುತ್ತಾರೆ, ಬಸ್ಸು ಕೆಟ್ಟರೂ ಅವರದು ಅದೇ ಮದ್ದು — ಫೋನಿನ ಆಚೆ ಒಬ್ಬ ಗಂಡಸು, ದನಿ ಅಂದರೆ ದನಿ, ತುಪ್ಪ ಸವರಿದ ಹಾಗೆ, ಮೇಡಂ ಹೆದರಬೇಡಿ ಮೇಡಂ, ನಿಮ್ಮ ಎಲ್ಲ ಕಡತಗಳೂ ನಮ್ಮ ರಕ್ಷಣೆಯಲ್ಲಿವೆ ಮೇಡಂ, ನಾನು ಹೇಳಿದ ಒಂದು ಚಿಕ್ಕ ಪ್ರೋಗ್ರಾಂ ಹಾಕಿಕೊಳ್ಳಿ ಮೇಡಂ, ನಾನು ಇಲ್ಲಿಂದಲೇ ನಿಮ್ಮ ಪರದೆ ನೋಡಿ ಎಲ್ಲ ತೊಳೆದುಕೊಡುತ್ತೇನೆ — ತೊಳೆದುಕೊಡುತ್ತೇನೆ, ಆ ಒಂದು ಮಾತಿಗೆ ಕೈ ನಿಂತುಬಿಟ್ಟಿತು, ನಜರ್‌ಬಾದಿನ ಮನೆಯ ಜಗುಲಿ, ಅವಳಿಗೆ ಹತ್ತೊಂಬತ್ತು, ಇಬ್ಬರು ಗಂಡಸರು, ಚೀಲದಲ್ಲಿ ಕೆಂಪು ಪುಡಿ, ಅಮ್ಮ ಪಾರ್ವತಮ್ಮ ಬಾಗಿಲಲ್ಲಿ, ಅಮ್ಮಾವ್ರೇ ಕಾಸು ಬ್ಯಾಡ, ಸುಮ್ನೆ ನೋಡಿ, ಹಿತ್ತಾಳೆ ದೀಪದ ಕಂಬಕ್ಕೆ ಆ ಕೆಂಪು ಪುಡಿ ಹಾಕಿ ಉಜ್ಜಿದರು, ಕನ್ನಡಿ ಆಯಿತು ಕಂಬ, ಅಮ್ಮ ನಕ್ಕಳು, ಅವ್ವಾ ಬಳೇನೂ ಕೊಡಿ ತೊಳ್ಕೊಡ್ತೀವಿ, ಅರಿಶಿನದ ನೀರು ಒಂದ್ ಬಟ್ಟಲು ತತ್ತಾ ಮಗಾ, ತಂದುಕೊಟ್ಟವಳು ಇವಳೇ, ಹಿತ್ತಾಳೆ ಬಟ್ಟಲಲ್ಲಿ ಅರಿಶಿನ ಕದಡಿ, ನಾಲ್ಕು ಬಳೆ ಮೊದಲು ಅವರ ಸೀಸೆಯ ನೀರಿಗೆ, ಆಮೇಲೆ ಬಟ್ಟಲೊಳಗೆ, ಅರ್ಧ ಗಂಟೆ ಮುಚ್ಚಿಡಿ ಅಂತ ಹೇಳಿ ಹೋದರು, ತೆಗೆದಾಗ ಬಳೆ ಇದ್ದವು, ಹೊಳೆಯುತ್ತಿದ್ದವು, ಮುಟ್ಟಿದರೆ ತಗಡಿನ ಹಾಗೆ ಹಗುರ, ಚಿನ್ನವನ್ನೆಲ್ಲ ಅವರ ಸೀಸೆಯ ನೀರು ಕುಡಿದುಕೊಂಡು ಹೋಗಿತ್ತು, ಅಮ್ಮ ಅಳಲಿಲ್ಲ, ಎಷ್ಟ್ ಹೊಳೀತಿತ್ತು ಕಣೇ ಅಂದಳು ಅಷ್ಟೆ, ಅದನ್ನೇ ಎಷ್ಟೋ ವರ್ಷ ಅಂದಳು — ಅಂಥದ್ದನ್ನು ಕಣ್ಣಾರೆ ನೋಡಿಯೂ ನಿನ್ನೆ ಹಸಿರು ಗುಂಡಿ ಒತ್ತಿದೆಯಲ್ಲೇ ಪದ್ಮಾ, ಅರಿಶಿನದ ಬಟ್ಟಲು ಎರಡನೆಯ ಸಲ ಹೊತ್ತು ತಂದೆಯಲ್ಲೇ — ಮೇಡಂ ಲೈನಲ್ಲಿ ಇದೀರಾ ಮೇಡಂ, ಹನ್ನೊಂದು ಸಲ ಮೇಡಂ ಅಂದಾಗಿತ್ತು ಅವನು, ಎಣಿಸಿದ್ದಳು, ಕೆಲಸ ಬಲ್ಲವರು ಇಷ್ಟು ಮರ್ಯಾದೆ ಕೊಡುವುದಿಲ್ಲ, ಯೋಗೇಂದ್ರ ಯಾವತ್ತಾದರೂ ಹೀಗೆ ಮಾತಾಡಿದ್ದುಂಟೆ, ಫೋನ್ ಇಟ್ಟಳು.

ಯೋಗೇಂದ್ರ, ರಾಜೀವನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ಈ ಪೆಟ್ಟಿಗೆಯನ್ನು ಹನ್ನೆರಡು ವರ್ಷದಿಂದ ಸಾಕುತ್ತಿರುವವನು, ಆಂಟಿ ಇದನ್ನ ಗುಜರಿಗೆ ಹಾಕಿ ಎಂದು ಬಂದಾಗಲೆಲ್ಲ ಬೈದು ಬೈದು ಮತ್ತೆ ಓಡುವ ಹಾಗೆ ಮಾಡಿ ಹೋಗುವವನು, ಎಂಟೂವರೆಯಿಂದ ಅವನಿಗೆ ಮಾಡುತ್ತಿದ್ದಾಳೆ, ಎತ್ತುತ್ತಿಲ್ಲ, ಒಂಬತ್ತಾಯಿತು ಹತ್ತಾಯಿತು, ಈಗ ಇದು ಹದಿನಾರನೆಯ ಸಲ — ಎತ್ತಿದ — ಉಸಿರು ಮೊದಲು ಕೇಳಿತು, ಆಮೇಲೆ ಗಂಟೆಯ ಸದ್ದು, ಆಮೇಲೆ ಅವನು, ಹೇಳಿ ಆಂಟಿ, ಬೆಟ್ಟದ ಮೆಟ್ಲ ಮೇಲಿದೀನಿ, ಅಮ್ಮಂದು ಹರಕೆ, ಮೆಟ್ಲು ಮೆಟ್ಲಿಗೂ ಅರಿಶಿನ ಕುಂಕುಮ, ತಟ್ಟೆ ನನ್ ಕೈಲಿದೆ, ಮಂಡಿ ಆಪರೇಷನ್ ಆದ್ರೆ ಮೆಟ್ಲು ಹತ್ತಿ ಬರ್ತೀನಿ ಅಂತ ತಾಯಿಗೆ ಹೇಳ್ಕೊಂಡ್ಬುಟ್ಟವ್ಳೆ, ಹಿಂದಿನಿಂದ ಅವನ ಅಮ್ಮ ಚಾಮುಂಡಮ್ಮನ ದನಿ, ಯಾರ್ಲಾ ಅದು, ಐನೂರಾ ಹದಿನೆಂಟು, ಮಾತಾಡ್ತಾ ಮೆಟ್ಲು ಬಿಟ್ಬುಟ್ರೆ ಮೊದ್ಲಿಂದ ಹಚ್ಬೇಕು ನೋಡ್ಕೋ — ಪದ್ಮಾವತಿ ಹೇಳಿದಳು, ಒಂದೇ ಉಸಿರಿಗೆ, ಗುರಾಣಿ, ಗುಂಡಿ, ಐದು ಗಂಟೆ, ಅವನು ಬಯ್ಯಲಿಲ್ಲ, ಅದೇ ಅವಳಿಗೆ ಭಯವಾಯಿತು, ಬಯ್ಯಬೇಕಿತ್ತು, ಆಂಟಿ ಅದು ವೈರಸ್ ತೆಗೆಯೋದಲ್ಲ, ಅದೇ ವೈರಸ್ಸು, ಮೊದ್ಲು ಇಂಟರ್ನೆಟ್ ವೈರ್ ಕಿತ್ತಾಕಿ, ಕಿತ್ತಳು, ಪೆನ್ ಡ್ರೈವ್ ಏನಾದ್ರೂ ಚುಚ್ಚಿದೀರಾ, ಇಲ್ಲ, ಚುಚ್ಬೇಡಿ, ಅದು ಹೋಯ್ತು ಅಂತ ಖಾತ್ರಿ ಆಗೋವರ್ಗೂ ಏನೇ ಚುಚ್ಚಿದ್ರೂ ಅದನ್ನೂ ತಿಂದಾಕ್ಬುಡುತ್ತೆ, ಈಗ ಆಫ್ ಮಾಡಿ, ಆನ್ ಮಾಡಿ, ಮಾಡಿದ ತಕ್ಷಣ ಕೀಬೋರ್ಡಿನ ಮೇಲ್ಸಾಲಲ್ಲಿ ಎಫ್ ಎಂಟು ಇದೆಯಲ್ಲ, ಅದನ್ನ ಟಕಟಕ ಟಕಟಕ ಒತ್ತುತಾ ಇರಿ, ಸೇಫ್ ಮೋಡ್ ಅಂತ ಬರುತ್ತೆ, ಅಲ್ಲಿ ಅದು ಏಳೋಕಾಗಲ್ಲ, ನಿದ್ದೇಲಿರುತ್ತೆ, ಆಗ ಹಿಡೀಬೇಕು — ಐನೂರಾ ಇಪ್ಪತ್ತು, ತಟ್ಟೆ ನೆಟ್ಟಗೆ ಹಿಡ್ಕೊಳ್ಲಾ — ಲೈನು ಹೋಯಿತು.

ಆಫ್, ಆನ್, ಟಕಟಕ, ಟಕಟಕ ಅನ್ನಲಿಲ್ಲ ಅದು, ಎಫ್ ಎಂಟು ಕಲ್ಲಿನ ಹಾಗೆ ಕೂತಿದೆ, ಒತ್ತಿದರೆ ಇಳಿಯುವುದಿಲ್ಲ, ಪರದೆ ಮಾಮೂಲಿನ ಹಾಗೆ ಬಂದೇ ಬಿಟ್ಟಿತು, ಮೂಲೆಯಲ್ಲಿ ಕೆಂಪು, ಮತ್ತೆ ಆಫ್, ಮತ್ತೆ ಆನ್, ಎರಡು ಬೆರಳು ಸೇರಿಸಿ ಒತ್ತಿದಳು, ಇಲ್ಲ, ಮತ್ತೆ ಕೆಂಪು, ಬಗ್ಗಿ ನೋಡಿದಳು, ಕನ್ನಡಕವನ್ನು ಹಣೆಗೆ ಏರಿಸಿ ಮೂಗು ತಾಗುವಷ್ಟು ಬಗ್ಗಿ — ಗಂಧ, ಒಣಗಿ ಹಳದಿ ಸಿಮೆಂಟಾದ ಗಂಧ, ಅದರ ಮೇಲೊಂದು ಕುಂಕುಮದ ಬೊಟ್ಟು, ಆಯುಧ ಪೂಜೆ, ಐದು ವಾರದ ಹಿಂದೆ, ತಾನೇ ಹಚ್ಚಿದ್ದು, ಹೊಟ್ಟೆಗೆ ಅನ್ನ ಹಾಕುವ ಕೀಲಿಗಳಲ್ಲವೇ, ಬೀದಿಯಲ್ಲಿ ಆಟೋಗಳಿಗೆ ಬಾಳೆಕಂದು ಕಟ್ಟುತ್ತಿದ್ದರು, ಕುಂಬಳಕಾಯಿ ಒಡೆಯುವ ಸದ್ದು, ಇವರು ಡಿಪೋದಿಂದ ಕಡ್ಲೆಪುರಿ ಕಟ್ಟು ತಂದಿದ್ದರು, ಇವಳು ಪರದೆಗೆ ಚೆಂಡುಹೂವಿನ ಸರ ಹಾಕಿ ಮೇಲ್ಸಾಲಿನ ಹನ್ನೆರಡು ಕೀಲಿಗೂ ಒಂದೊಂದು ಬೊಟ್ಟು ಇಟ್ಟಿದ್ದಳು, ದಿನವೂ ಮುಟ್ಟದ ಸಾಲು ತಾನೇ ಎಂದು ನೀರಾಗಿಯೇ ಇಟ್ಟಿದ್ದಳು, ಅದು ಸಂದಿಗೆ ಇಳಿದು ಗಟ್ಟಿಯಾಗಿದೆ, ತುರುಬಿನ ಪಿನ್ನು ಕಿತ್ತಳು, ತುರುಬು ಬಿಚ್ಚಿ ಬೆನ್ನ ಮೇಲೆ ಬಿತ್ತು, ಕೀಲಿಯ ಸುತ್ತ ಕೆರೆಯತೊಡಗಿದಳು, ತಾಯಿ ತಪ್ಪು ತಿಳ್ಕೊಬೇಡಮ್ಮ, ಹಳದಿ ಪುಡಿ ಉದುರಿತು, ಕೆಂಪು ಪುಡಿ ಉದುರಿತು, ಗಡಿಯಾರದಲ್ಲಿ ಹತ್ತು ಇಪ್ಪತ್ತೈದು, ಅಡುಗೆಮನೆಯಿಂದ ತಳ ಹತ್ತಿದ ವಾಸನೆ, ಓಡಿಹೋಗಿ ಒಲೆ ಆರಿಸಿ ಓಡಿಬಂದಳು, ಕೆರೆದಳು, ಒತ್ತಿದಳು, ಟಕ್, ಇಳಿಯಿತು, ಅಬ್ಬ, ಟಕ್.

ಮತ್ತೆ ಆಫ್, ಮತ್ತೆ ಆನ್, ಟಕಟಕ, ಸೇಫ್ ಮೋಡ್ ಬಂತು, ಪರದೆ ಕಪ್ಪು, ನಾಲ್ಕು ಮೂಲೆಯಲ್ಲೂ ಬಿಳಿಯ ಇಂಗ್ಲಿಷ್ ಅಕ್ಷರ, ಚಿತ್ರಗಳೆಲ್ಲ ದೊಡ್ಡದಾಗಿ ಒರಟಾಗಿ, ಹಬ್ಬ ಮುಗಿದ ಮನೆಯ ಹಾಗೆ ಯಾವ ಅಲಂಕಾರವೂ ಇಲ್ಲ, ಮೂಲೆ ನೋಡಿದಳು, ಕೆಂಪಿಲ್ಲ, ಎದೆ ಮಾತ್ರ ನಂಬಲಿಲ್ಲ — ಫೋನು ಬಡಿದುಕೊಂಡಿತು, ಆಂಟಿ ನಂದಿ ಹತ್ರ ಇನ್ನೂ ಬಂದಿಲ್ಲ ಆದ್ರೂ ಸಿಗ್ನಲ್ ಸಿಕ್ತು ಬೇಗ ಹೇಳ್ತೀನಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದರ ಹೆಸರು ಇದ್ರೆ ತೆಗೀರಿ, ಇಲ್ಲ ಯೋಗೇಂದ್ರ ಅಲ್ಲಿ ಹೆಸರೇ ಇಲ್ಲ, ಇರಲ್ಲ ಬಿಡಿ, ಕಳ್ಳ ಬಾಗಿಲಿಗೆ ನೇಮ್‌ಪ್ಲೇಟ್ ಹಾಕ್ತಾನಾ, ಸಿ ಡ್ರೈವ್‌ಗೆ ಹೋಗಿ, ಮೊದ್ಲು ಅಡಗಿಸಿರೋವೆಲ್ಲ ಕಾಣೋ ಹಾಗೆ ಮಾಡಿ, ಫೋಲ್ಡರ್ ಆಪ್ಷನ್ಸು, ವ್ಯೂ, ಶೋ ಹಿಡನ್ನು, ಹಾಂ, ಈಗ ಪ್ರೋಗ್ರಾಂ ಡೇಟಾ ಅಂತ ಒಂದು ಮಸುಕಾಗಿ ಕಾಣುತ್ತೆ ನೋಡಿ, ಅದರೊಳಗೆ ತಾರೀಕು ನೋಡ್ಕೊಂಡು ಬನ್ನಿ, ನಿನ್ನೆ ಸಂಜೆ ಆರೂವರೆ ಆಚೀಚೆ ಹುಟ್ಟಿದ್ದು ಯಾವ್ದು, ಹೆಸರು ಅಸಂಬದ್ಧವಾಗಿರುತ್ತೆ, ಅರ್ಥ ಇಲ್ಲದ ಅಕ್ಷರ — ಮೌಸಿನ ಬಾಣ ಸಾಲಿನಿಂದ ಸಾಲಿಗೆ ಇಳಿಯುತ್ತದೆ, ತಾರೀಕುಗಳು, ಎರಡು ವರ್ಷದ ಹಿಂದಿನದು, ಹೋದ ಯುಗಾದಿಯದು, ಇದೋ, ನಿನ್ನೆ, ಆರು ಮೂವತ್ತೆಂಟು, ಕ್ಯೂ ಎಕ್ಸ್ ವಿ ಜೆಡ್ ಎಂಥದೋ, ಬಾಯಿಯಲ್ಲಿ ಉಚ್ಚರಿಸಲಾಗದ ಹೆಸರು, ಒಳಗೆ ಅದೇ ಕೆಂಪು ಗುರಾಣಿಯ ಚಿತ್ರ, ಸಣ್ಣದಾಗಿ, ಕಣ್ಣು ಮುಚ್ಚಿ ಮಲಗಿದ ಹಾಗೆ, ಅಳಿಸಿ ಆಂಟಿ, ಶಿಫ್ಟ್ ಹಿಡ್ಕೊಂಡು ಅಳಿಸಿ, ಬುಟ್ಟಿಗೂ ಹೋಗ್ಬಾರ್ದು, ಹೋಯಿತು, ಈಗ ರನ್ ತೆಗೆದು ಎಂ ಎಸ್ ಕಾನ್ಫಿಗ್ ಅಂತ ಹೊಡೀರಿ, ಸ್ಟಾರ್ಟಪ್, ಅಲ್ಲೂ ಅದೇ ಹೆಸರು ಇರುತ್ತೆ, ಟಿಕ್ ತೆಗೀರಿ, ತೆಗೆದಳು — ಲೋ ಯೋಗಾ, ಯಾರ ಮನೆ ದೆವ್ವ ಬುಡಿಸ್ತಾ ಇದ್ದೀಯೋ, ಐನೂರಾ ಎಪ್ಪತ್ತೊಂದು ಅನ್ನು, ಐನೂರಾ ಎಪ್ಪತ್ತೊಂದು ಅಮ್ಮ, ಸರಿ ಆಂಟಿ, ಸಂಜೆ ಬಂದು ನಿಜವಾದ ಆ್ಯಂಟಿವೈರಸ್ ಹಾಕಿ ಮೂಲೆಮೂಲೆ ಗುಡಿಸ್ತೀನಿ, ಈಗ ನಿಮ್ಮ ಕೆಲಸಕ್ಕೆ ಸಾಕು, ಒಂದ್ ಸಲ ಮಾಮೂಲಿ ಆನ್ ಮಾಡಿ ನೋಡಿ, ಕೆಂಪು ಬರ್ಲಿಲ್ಲ ಅಂದ್ರೆ ಗೆದ್ರಿ.

ಮಾಮೂಲಿ ಆನ್ ಮಾಡಿದಳು, ಕಾಯುತ್ತಾಳೆ, ಪೆಟ್ಟಿಗೆ ಹಳೆಯ ಮುದುಕನ ಹಾಗೆ ಗೊರಗುಟ್ಟುತ್ತದೆ, ಬಣ್ಣ ಬಂತು, ಚಿತ್ರಗಳು ಬಂದವು, ಮೂಲೆ — ಕೆಂಪು, ಅಯ್ಯೋ ಕೆಂಪು, ಅದೇ ಬಲಗಡೆ ಅದೇ ಕೆಳಮೂಲೆ, ಹಾಗೇ ದಿಟ್ಟಿಸಿದಳು, ಮಿಣುಕಲಿಲ್ಲ ಅದು, ಹೆಬ್ಬೆರಳು ಚಾಚಿ ಮುಟ್ಟಿದಳು, ಬೆರಳಿಗೆ ಬಂತು, ಪರದೆಯ ಅಂಚಿಗೆ ತಾನೇ ಇಟ್ಟ ಕುಂಕುಮ, ಐದು ವಾರದಿಂದ ಅಲ್ಲೇ ಇದ್ದದ್ದು ಕಣ್ಣಿಗೆ ಬೀಳದಿದ್ದದ್ದು, ನಗು ಬಂತು, ಅಳು ಬಂತು, ಯಾವುದನ್ನೂ ಮಾಡದೆ ಹುಚ್ಚಣ್ಣನ ಫೋಲ್ಡರಿಗೆ ಹೋದಳು, ಅಲ್ಲಿ ಏಳು ಅಧ್ಯಾಯವೂ ಮಸುಕಾಗಿ, ಹೊಗೆ ಹಿಡಿದ ಗಾಜಿನ ಆಚೆ ಇದ್ದ ಹಾಗೆ, ಆದರೆ ಇದ್ದವು, ಅಳಿಸಿರಲಿಲ್ಲ ಕಳ್ಳ, ಅಡಗಿಸಿದ್ದ, ಒಂದು ತೆರೆದಳು ಇದೆ, ಎರಡು ಇದೆ, ಮೂರು, ನಾಲ್ಕು, ಕೀಲಿಮಣೆಯ ಮೇಲೆ ಗಂಧದ ಪುಡಿ, ಐದು ಇದೆ, ಆರು ಇದೆ ತಾಯಿ, ಏಳು — ಬಿಳಿ, ಕೆಳಗೆ ಇಳಿಸಿದಳು, ಬಿಳಿ, ಪುಟವೇ ಇಲ್ಲ, ಗಾತ್ರ ನೋಡಿದರೆ ಸೊನ್ನೆ, ನಿನ್ನೆ ಗುಂಡಿ ಒತ್ತಿದ ಗಳಿಗೆಯಲ್ಲಿ ತೆರೆದಿದ್ದದ್ದು ಇದೊಂದೇ, ತೆರೆದ ಬಾಯಲ್ಲೇ ಕೊಯ್ದುಬಿಟ್ಟಿದೆ, ಹೆಸರು ಇದೆ, ಹೊಳೆಯುತ್ತಿದೆ, ಒಳಗೆ ಏನೂ ಇಲ್ಲ, ಅಮ್ಮನ ಬಳೆ.

ಏಳನೆಯದೇ ಪ್ರಬಂಧದ ಜೀವ, ಮಿಕ್ಕ ಆರು ಅದರ ಸುತ್ತ ಕಟ್ಟಿದ ಗೋಡೆ, ಗೈಡೂ ಅದನ್ನೇ ಅಂದಿದ್ದರಂತೆ, ನಾನೂರ ಹನ್ನೆರಡು ಹೊಲಗಳ ಹೆಸರು, ಮೈಸೂರಿನ ಪೂರ್ವಕ್ಕೆ ಅರವತ್ತು ಚಿಲ್ಲರೆ ಹಳ್ಳಿಗಳಲ್ಲಿ ಒಂದೊಂದು ಹೊಲಕ್ಕೂ ಒಂದೊಂದು ಹೆಸರಿತ್ತು ಅನ್ನುವುದು ಇವಳಿಗೆ ಗೊತ್ತೇ ಇರಲಿಲ್ಲ, ಪಟ್ಟಣದಲ್ಲಿ ಬೆಳೆದವಳು, ಟೈಪ್ ಮಾಡುತ್ತ ಮಾಡುತ್ತ ಕೈ ನಿಲ್ಲುತ್ತಿತ್ತು, ನಗುವಮ್ಮನ ಹೊಲ, ಅತ್ತೆಸೊಸೆ ತೆವರು, ಎಮ್ಮೆ ಮುಳುಗಿದ ಗುಂಡಿ, ಮೂಗುಬೊಟ್ಟಿನ ಮಾಳ — ಮೂಗುಬೊಟ್ಟಿನ ಮಾಳ ಯಾಕಪ್ಪಾ ಹುಚ್ಚಣ್ಣ, ಅದಾ ಅಕ್ಕ, ಕಳೆ ಕೀಳೋವಾಗ ಒಬ್ಳು ಮೂಗುಬೊಟ್ಟು ಕಳ್ಕೊಂಡ್ಳಂತೆ, ಅವ್ಳ್ ಮಗ್ಳು ಹುಡುಕುದ್ಳಂತೆ, ಮೊಮ್ಮಗ್ಳೂ ಹುಡುಕುದ್ಳಂತೆ, ಈಗ ಅಲ್ಲಿ ಲೇಔಟ್ ಆಗದೆ, ಸೈಟ್ ನಂಬ್ರು ಇನ್ನೂರಾ ಹದ್ನಾರು, ಹುಡ್ಕೋಕೆ ಯಾರೂ ಇಲ್ಲ — ಹೈಸ್ಕೂಲಿನಲ್ಲಿ ಅಟೆಂಡರು ಅವನು, ಗಂಟೆ ಬಾರಿಸಿ, ನೀರು ತುಂಬಿಸಿ, ಸಂಜೆ ಮೊಪೆಡ್ಡಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಮುದುಕ ಮುದುಕಿಯರ ಪಕ್ಕ ಕೂತು ಬರೆದುಕೊಂಡದ್ದು, ಡಾಕ್ಟರ್ ಹುಚ್ಚಣ್ಣ ಅಂತ ಬೋರ್ಡ್ ಹಾಕುದ್ರೆ ಜನ ಸರಪಳಿ ಹಿಡ್ಕೊಂಡು ಚಿಕಿತ್ಸೆಗೆ ಬತ್ತಾರೆ ಅಕ್ಕ ಎಂದು ತನ್ನ ಹೆಸರಿಗೆ ತಾನೇ ನಗುವವನು, ಮೇಷ್ಟ್ರುಗಳು ನಕ್ಕದ್ದು ಮಾತ್ರ ಹೇಳುತ್ತಿರಲಿಲ್ಲ, ಹೇಳಿಕೊಟ್ಟ ಮುದುಕರಲ್ಲಿ ಮುಕ್ಕಾಲು ಪಾಲು ಈಗ ಇಲ್ಲ — ಬರೆದ ಚೀಟಿಗಳು, ಬಸ್ ಟಿಕೆಟ್ಟಿನ ಹಿಂದೆ, ಹಾಜರಿ ಪುಸ್ತಕದ ಹಾಳೆಯಲ್ಲಿ, ಎರಡು ಗೋಣಿ ಚೀಲ, ಟೈಪ್ ಆದ ಮೇಲೆ ವಾಪಸು ಕೊಡುವುದು ಇವಳ ಪದ್ಧತಿ, ಇಪ್ಪತ್ತೆರಡು ವರ್ಷದಲ್ಲಿ ಒಂದು ಚೂರು ಕಳೆದವಳಲ್ಲ, ಇದೊಂದು ಸಲ, ಆಯುಧ ಪೂಜೆಗೆ ಕೋಣೆ ಗುಡಿಸಿ ಸಾರಿಸಬೇಕಿತ್ತು, ಚೀಲದಲ್ಲಿ ಇಲಿ ಸೇರಿತ್ತು, ಏನ್ ಮಾಡ್ಲಿ ಹುಚ್ಚಣ್ಣ, ಬಿಸಾಕಿ ಅಕ್ಕ ಅತ್ಲಾಗೆ, ಕಂಪ್ಯೂಟ್ರಲ್ಲಿ ಬಂದಾಯ್ತಲ್ಲ, ಹಳೇ ಪೇಪರಿನವನ ತಕ್ಕಡಿಗೆ ಎತ್ತಿ ಹಾಕಿದವಳು ಇವಳೇ, ಮನೆ ಲಕ್ಷಣವಾಯಿತು ಎಂದು ಸಂತೋಷ ಬೇರೆ ಪಟ್ಟಿದ್ದಳು, ಮೇಲ್‌ಗೆ ಹಾಕಿಡಲೇ ಎಂದು ಕೇಳಿದ್ದುಂಟು, ಬ್ಯಾಡ ಅಕ್ಕ, ನಮ್ ಜೊತೇಲಿದ್ದವನೊಬ್ಬಂದು ಅಂಗೇ ಯಾರೋ ಕದ್ದು ಪುಸ್ತಕ ಮಾಡ್ಬುಟ್ರು, ನಿಮ್ ಮನೇಗಿಂತ ಭದ್ರ ಎಲ್ಲದೆ — ನಿಮ್ಮ ಮನೆಗಿಂತ ಭದ್ರ.

ಅಕ್ಕಾ — ಗೇಟಿನ ಸದ್ದು, ಇಷ್ಟು ಬೇಗನೆ, ಹನ್ನೊಂದೂ ಆಗಿಲ್ಲ, ಹುಚ್ಚಣ್ಣ ಬಾಗಿಲಲ್ಲಿ ನಿಂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಾಲರಿನ ಮಡಿಕೆಯಲ್ಲಿ ಇಸ್ತ್ರಿಯ ಸುಟ್ಟ ಗುರುತು, ಕೈಯಲ್ಲಿ ಒಂದು ಚಿಪ್ಪು ರಸಬಾಳೆ, ಸಿಕ್ಕಿದ ಬಸ್ಸಿಗೇ ಬಂದ್ಬುಟ್ಟೆ ಅಕ್ಕ, ಮನೇಲಿ ಕೂತ್ಕಂಡು ಏನ್ ಮಾಡ್ಲಿ, ನಿದ್ದೇನೇ ಬರ್ಲಿಲ್ಲ, ಹೆಂಡ್ತಿ ಬೈದ್ಲು, ಪರೀಕ್ಷೆ ಮಕ್ಳಿಗೂ ಇಂಗಾಗಲ್ಲ ಅಂತ, ನೀವು ಕೆಲ್ಸ ಮಾಡಿ ಅಕ್ಕ, ನಾನು ಜಗ್ಲಿ ಮೇಲೆ ಕೂತಿರ್ತೀನಿ, ಏನು ತಲೆ ಬಿಚ್ಕೊಂಡಿದ್ದೀರಿ — ಒಂದು ಸುಳ್ಳು ಹೇಳಬಹುದು, ಕರೆಂಟು ಹೋಗಿತ್ತು, ಪ್ರಿಂಟರ್ ಕೆಟ್ಟಿದೆ, ಮಧ್ಯಾಹ್ನದವರೆಗೆ ತಳ್ಳಬಹುದು, ತಳ್ಳಿ, ಐದು ಗಂಟೆಗೆ ಏನನ್ನುವುದು, ಅಮ್ಮ ಆವತ್ತು ಅಪ್ಪನಿಗೆ ಹೇಳದೆ ಮೂರು ತಿಂಗಳು ಆ ತಗಡಿನ ಬಳೆ ತೊಟ್ಟುಕೊಂಡೇ ಓಡಾಡಿದಳು, ಬಳೆ ಒಂದಕ್ಕೊಂದು ತಾಗಿದರೆ ಸದ್ದು ಬೇರೆ ಬರುತ್ತಿತ್ತು, ಆ ಸದ್ದು ಕೇಳಿದಾಗಲೆಲ್ಲ ಇವಳಿಗೆ ಊಟ ಸೇರುತ್ತಿರಲಿಲ್ಲ — ಹುಚ್ಚಣ್ಣ ಇಲ್ಲಿ ಬಾಪ್ಪಾ, ಕೂತ್ಕೋ, ಹೇಳಿದಳು, ನಿನ್ನೆಯ ಗುಂಡಿ ಒತ್ತಿದ್ದರಿಂದ ಹಿಡಿದು ಸೊನ್ನೆಯವರೆಗೆ, ನನ್ನ ಕೈಯಿಂದ ಆಗಿದ್ದು ಇದು, ಇನ್ಯಾರ ಮೇಲೂ ಹಾಕಕ್ಕಾಗಲ್ಲ ಅಂದಳು, ಅವನು ಮುರುಕು ಸ್ಟೂಲಿನ ಮೇಲೆ ಕೂತು ಬಾಳೆಹಣ್ಣನ್ನು ತೊಡೆಯ ಮೇಲೆ ಇಟ್ಟುಕೊಂಡ, ಬಿಳಿ ಪರದೆ ನೋಡಿದ, ಎಲ್ಲಾ ಏಳ್ನೇದಾ ಅಕ್ಕ, ಹೂಂ ಕಣಪ್ಪ, ಒಂದೂ ಇಲ್ವಾ, ಇಲ್ಲ — ಬಯ್ಯಲಿಲ್ಲ ಇವನೂ, ಇವತ್ತು ಯಾರೂ ಬಯ್ಯುತ್ತಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು, ಮೂಗುಬೊಟ್ಟಿನ ಮಾಳ, ಕಳ್ಳಿ ಸಾಲು, ಬಸ್ವಿ ಕಟ್ಟೆ ಹೊಲ, ಕೂಸು ಮಲಗಿದ ತೆವರು, ಬೆರಳು ಮಡಿಸುತ್ತ ಮಡಿಸುತ್ತ ಇಪ್ಪತ್ತೈದೋ ಮೂವತ್ತೋ ಬಂದು ನಿಂತ, ಅಕ್ಕಾ ಕಾಳಮ್ಮಜ್ಜಿ ಏಳಿದ್ದು ಒಂದೂ ಗೆಪ್ತಿಗೆ ಬತ್ತಾ ಇಲ್ಲ, ಅಜ್ಜಿ ಹೋದ ವರ್ಸ ತೀರೋದ್ಳು, ಅವ್ಳು ಏಳಿದ್ ಹೊಲ ಐವತ್ತಿದ್ವು, ಒಂದೂ ಬತ್ತಾ ಇಲ್ಲ ಅಕ್ಕ, ಎಂಗ್ ಮಾಡ್ಲಿ — ಇವಳ ಕಡೆ ತಿರುಗಿದ ಮುಖ ನೋಡಲಾಗದೆ ಪದ್ಮಾವತಿ ಮೇಜಿನ ಡ್ರಾಯರು ಎಳೆದಳು, ಏನನ್ನೂ ಹುಡುಕುವುದಕ್ಕಲ್ಲ, ಕಣ್ಣು ಎಲ್ಲಾದರೂ ಇಡಬೇಕಿತ್ತು.

ರಬ್ಬರ್ ಬ್ಯಾಂಡು, ಸ್ಟೇಪ್ಲರಿನ ಪಿನ್ನು, ಖಾಲಿ ರೀಫಿಲ್ಲು, ಒಂದು ಒಣಗಿದ ಚೆಂಡುಹೂವು, ಹೂವಿನ ಕೆಳಗೆ — ಪೆನ್ ಡ್ರೈವ್, ಕಪ್ಪು, ಹೆಬ್ಬೆರಳಿನುದ್ದ, ಬಾಯಿಯ ತಗಡಿಗೆ ಗಂಧ ಮೆತ್ತಿ ಒಣಗಿದೆ, ಬಾಲದ ಮೇಲೆ ಕೆಂಪು ಬೊಟ್ಟು, ಇದು ಎಲ್ಲಿತ್ತು ತಲೆಯಲ್ಲಿ ಇಷ್ಟು ಹೊತ್ತು, ಆಯುಧ ಪೂಜೆಯ ಹಿಂದಿನ ದಿನ ಎಲ್ಲವನ್ನೂ ಇದಕ್ಕೆ ತುಂಬಿಸಿದ್ದಳು, ಎಲ್ಲವನ್ನೂ, ಏಳನೆಯದನ್ನೂ, ಅದು ಆಗಲೇ ಮುಗಿದಿತ್ತು, ತುಂಬಿಸಿ ಪೂಜೆಗೆ ಇಟ್ಟಳು, ಕತ್ತರಿ, ಇಳಿಗೆಮಣೆ, ಇವರ ಸ್ಪ್ಯಾನರ್ರು, ಪಕ್ಕದಲ್ಲಿ ಇದು, ವಿಜಯದಶಮಿ ಕಳೆದು ಚುಚ್ಚಿದರೆ ಉಸಿರೇ ಎತ್ತಲಿಲ್ಲ, ದೀಪವೂ ಹತ್ತಲಿಲ್ಲ, ಗಂಧ ಹೊಕ್ಕು ಸತ್ತಿದೆ ಅಂದುಕೊಂಡಳು, ಕೆರೆದು ನೋಡಬಹುದಿತ್ತು, ಪೂಜೆ ಮಾಡಿದ್ದನ್ನು ಪಿನ್ನು ಹಾಕಿ ಕೆರೆಯುವುದೇ ಎಂದು ಕೈ ಬರಲಿಲ್ಲ, ಹೂವಿನ ಜೊತೆಗೇ ಡ್ರಾಯರಿಗೆ ಹಾಕಿದಳು, ಇನ್ನೊಂದು ತಂದರಾಯಿತು ಎಂದಳು, ತರಲಿಲ್ಲ — ಹುಚ್ಚಣ್ಣ ಮಾತಾಡಬೇಡ, ಹತ್ತಿ ತಗೊಂಡ್ ಬಾ, ದೇವರ ಮನೇಲಿ ಬತ್ತಿ ಮಾಡೋ ಹತ್ತಿ, ಅವನು ಓಡಿದ, ಬಾಳೆಹಣ್ಣು ನೆಲಕ್ಕೆ ಬಿತ್ತು, ಪಿನ್ನಿನ ಮೊನೆ ತಗಡಿನ ಬಾಯೊಳಗೆ, ಮೆಲ್ಲಗೆ, ಒಳಗಿರುವ ನಾಲ್ಕು ಚಿನ್ನದ ಬಣ್ಣದ ಪಟ್ಟಿಗೆ ತಾಗದ ಹಾಗೆ, ಹಳದಿ ಪುಡಿ ಅಂಗೈಗೆ ಉದುರುತ್ತದೆ, ಇದು ತೊಳೆಯುವುದಲ್ಲ ತಾಯಿ, ಹೊಳಪು ಬೇಡ ನನಗೆ, ಒಳಗಿದ್ದದ್ದು ಒಳಗೇ ಇರಲಿ, ಪಿನ್ನಿಗೆ ಹತ್ತಿ ಸುತ್ತಿ ನೀರು ಸೋಕಿಸದೆ ಒರೆಸಿದಳು, ಪಟ್ಟಿ ಕಂಡಿತು, ಒಂದು, ಎರಡು, ಮೂರು, ನಾಲ್ಕು — ಫೋನಿನಲ್ಲಿ ಯೋಗೇಂದ್ರ, ಈಗ ಯಾವ ಮೆಟ್ಟಿಲಲ್ಲೋ, ಆಂಟಿ ಕೆಂಪು ಬಂತಾ, ಇಲ್ಲ ಯೋಗೇಂದ್ರ, ಬಂದಿಲ್ಲ, ಅದು ಹೋಗಿದ್ದು ಖಾತ್ರೀನಾ ಹೇಳು, ಪೆನ್ ಡ್ರೈವ್ ಚುಚ್ಚಲಾ, ಅದೊಂದೇ ಇರೋದು ನನ್ ಹತ್ರ, ಅತ್ತ ಉಸಿರು, ಗಂಟೆ, ಗಾಳಿ, ಚಾಮುಂಡಮ್ಮ, ಚುಚ್ಚು ಅನ್ಲಾ ಪಾಪ, ನಿಂತ್ಕಂಡು ಏನ್ ಯೋಚ್ನೆ ಮಾಡೀಯೆ, ತಾಯಿ ಅವ್ಳೆ, ಚುಚ್ಚಿ ಆಂಟಿ.

ಚುಚ್ಚಿದಳು. ಹುಚ್ಚಣ್ಣ ಅವಳ ಭುಜದ ಹಿಂದೆ ನಿಂತಿದ್ದಾನೆ, ಅವನ ಉಸಿರು ಬಿಚ್ಚಿದ ಕೂದಲಿಗೆ ತಾಗುತ್ತಿದೆ, ಪರದೆಯಲ್ಲಿ ಏನೂ ಇಲ್ಲ, ಪೆಟ್ಟಿಗೆ ಗೊರಗುಟ್ಟುತ್ತದೆ, ಏನೂ ಇಲ್ಲ, ಪೆನ್ ಡ್ರೈವಿನ ಬಾಲದ ಮೇಲೆ, ಸಾಸಿವೆಕಾಳಿನಷ್ಟು ದೀಪ ಹತ್ತಬೇಕಾದ ಜಾಗದಲ್ಲೇ ಸರಿಯಾಗಿ, ತಾನಿಟ್ಟ ಬೊಟ್ಟು, ಅದೇ ಕೆಂಪು, ಮೂಲೆಯ ಕೆಂಪು, ಪುಡಿಯ ಕೆಂಪು, ಈಗ ಅಲ್ಲೆಲ್ಲೋ ಮೆಟ್ಟಿಲಿಗೆ ಹತ್ತುತ್ತಿರುವ ಕೆಂಪು, ಅಕ್ಕಾ ಅದು ದೀಪಾನಾ ಕುಂಕುಮಾನಾ, ಗೊತ್ತಿಲ್ಲ ಕಣಪ್ಪ, ಕೈ ಅಡ್ಡ ಮಾಡಿ ಬೆಳಕು ಮರೆ ಮಾಡಿದಳು, ಅಂಗೈಯ ನೆರಳಿನೊಳಗೆ ಕೆಂಪು, ಸುಮ್ಮನೆ ಕೆಂಪು, ಕುಂಕುಮವೇ, ಬರೀ ಕುಂಕುಮ — ಆರಿತು. ಕೆಂಪು. ಆರಿತು. ಕುಂಕುಮ ಆರುವುದಿಲ್ಲ, ಹುಚ್ಚಣ್ಣ, ಕುಂಕುಮ ಮಿಣುಕುವುದಿಲ್ಲ — ಕೆಂಪು.